ಕಿಟ್ ದೊಡ್ಡದು ಮಾಡಬೇಡಿ, ಗಾಡಿ ಚಿಕ್ಕದು ಮಾಡಿ

ಎಲ್ಲರಿಗೂ ನಮಸ್ಕಾರ. ಹೊರಗೆ ಮೇಜಿನ ಮೇಲೆ ಎರಡು ಬಾಕ್ಸ್-ಎನ್ ವ್ಯಾಗನ್ ಮಾದರಿ ಇಟ್ಟಿದ್ದೇನೆ. ಕಲ್ಲಿದ್ದಲು, ಅದಿರು ಸಾಗಿಸುವ ಚಾವಣಿ ಇಲ್ಲದ ರೈಲು ಗಾಡಿ ಅದು. ಚಿಕ್ಕದು ಎಚ್‌ಓ ಸ್ಕೇಲ್, ಅಂದರೆ ನಿಜ ಗಾಡಿಯ 87ರಲ್ಲಿ ಒಂದು ಪಾಲು. ದೊಡ್ಡದು ಓ ಸ್ಕೇಲ್. ಬೆಳಗ್ಗೆಯಿಂದ ನಾಲ್ಕು ಜನ ಬಂದು ಒಂದೇ ಪ್ರಶ್ನೆ ಕೇಳಿದ್ದಾರೆ. "ಸಾರ್, ಚಿಕ್ಕದರ ಫೈಲ್ ನಮ್ಮ ಹತ್ತಿರ ಇದೆ. ತ್ರೀಡಿ ಪ್ರಿಂಟರ್‌ಗೆ ಹಾಕಿ 200 ಪರ್ಸೆಂಟ್ ಅಂತ ಒತ್ತಿದರೆ ದೊಡ್ಡದು ಬರುತ್ತೆ ಅಲ್ವಾ?"

ಬರುತ್ತೆ. ಲೆಕ್ಕವೂ ಸರಿಯಾಗಿದೆ. ಎಚ್‌ಓ ಅನ್ನೋ ಹೆಸರೇ 'ಹಾಫ್ ಓ' ಅಂತ. ನಿಜ ಗಾಡಿಯ ಒಂದು ಅಡಿಗೆ ಎಚ್‌ಓದಲ್ಲಿ 3.5 ಮಿ.ಮೀ., ಬ್ರಿಟಿಷ್ ಓ ಸ್ಕೇಲಿನಲ್ಲಿ 7 ಮಿ.ಮೀ. ಕಪ್ಲರ್‌ನಿಂದ ಕಪ್ಲರ್‌ಗೆ ಅಂದರೆ ಗಾಡಿಗಳನ್ನು ಜೋಡಿಸುವ ಕೊಂಡಿಯಿಂದ ಕೊಂಡಿಗೆ, 10,713 ಮಿ.ಮೀ. ಇರುವ ನಿಜವಾದ ಬಾಕ್ಸ್-ಎನ್ ಚಿಕ್ಕದರಲ್ಲಿ 123 ಆಗುತ್ತದೆ, ದೊಡ್ಡದರಲ್ಲಿ 246. ಸರಿಯಾಗಿ ಡಬಲ್. ಆದರೂ ನಾನು ಬೇಡ ಅಂತೀನಿ. ಚಿಕ್ಕ ಮಾದರಿ ಜೋಡಿಸುವ ಕಿಟ್ಟನ್ನು ದೊಡ್ಡದು ಮಾಡಬೇಡಿ, ನಿಜ ಗಾಡಿಯನ್ನು ಅಳೆದು ಚಿಕ್ಕದು ಮಾಡಿ. ಇವತ್ತು ಇದನ್ನು ಹೇಳುವುದಕ್ಕೇ ಬಂದಿದ್ದೇನೆ.

ನನಗೆ ಇದು ಗೊತ್ತಾದದ್ದು ಜೆರಾಕ್ಸ್ ಅಂಗಡಿಯಲ್ಲಿ. ಆಗ ತ್ರೀಡಿ ಪ್ರಿಂಟರ್ ಎಲ್ಲಿತ್ತು? ಕಿಟ್ಟಿನ ಭಾಗಗಳನ್ನೆಲ್ಲ ಗಾಜಿನ ಮೇಲೆ ಜೋಡಿಸಿ 141 ಪರ್ಸೆಂಟ್ ಜೆರಾಕ್ಸ್ ತೆಗೆಸಿದೆ. ಆ ಹಾಳೆಯನ್ನೇ ಮತ್ತೆ 141. ಹೆಚ್ಚುಕಡಿಮೆ 200 ಆಯಿತಲ್ಲ! ಅದನ್ನು ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಕತ್ತರಿಸಿದೆ. ಉದ್ದದಲ್ಲಿ ಒಂದೂವರೆ ಮಿ.ಮೀ. ಕಡಿಮೆ. ಯಂತ್ರ ಅಡ್ಡಕ್ಕೂ ಉದ್ದಕ್ಕೂ ಒಂದೇ ಸಮ ಹಿಗ್ಗಿಸಿರಲಿಲ್ಲ, ಹಾಗಾಗಿ ಮೂಲೆಗಳೂ ಕೂಡಲಿಲ್ಲ.

ಆಮೇಲೆ ಟೇಪ್ ಹಿಡಿದುಕೊಂಡು ಬಳ್ಳಾರಿ ಕಡೆಯ ಒಂದು ಸಣ್ಣ ಸ್ಟೇಷನ್ನಿಗೆ ಹೋದೆ. ಸ್ಟೇಷನ್ ಮಾಸ್ಟರ್ ಒಳ್ಳೆಯವರು. ಸೈಡಿಂಗ್‌ನಲ್ಲಿ ನಿಂತಿದ್ದ ಖಾಲಿ ವ್ಯಾಗನ್ ನೋಡಲು ಅನುಮತಿ ಕೊಟ್ಟು, ಜೊತೆಗೆ ಒಬ್ಬ ಪಾಯಿಂಟ್ಸ್‌ಮನ್ನನ್ನೂ ಕಳಿಸಿದರು. ನನ್ನ ಹತ್ತಿರ ಇದ್ದದ್ದು ಟೈಲರ್ ಟೇಪು. ಆ ಪಾಯಿಂಟ್ಸ್‌ಮನ್ ಸ್ವಲ್ಪ ಹೊತ್ತು ನೋಡಿ ಕೇಳಿದರು, "ಏನ್ರೀ ಸರ, ಗಾಡಿಗೆ ಅಂಗಿ ಹೊಲಸ್ತೀರೇನು?" ಇಬ್ಬರೂ ಚೆನ್ನಾಗಿ ನಕ್ಕೆವು. ಆಮೇಲೆ ಟೇಪಿನ ಇನ್ನೊಂದು ತುದಿಯನ್ನು ಅವರೇ ಹಿಡಿದರು. ಒಂದೊಂದು ಅಳತೆಯನ್ನೂ ಜೋರಾಗಿ ಕೂಗಿ ಹೇಳುವರು, ನಾನು ಬರೆದುಕೊಳ್ಳುವೆ. ಚಕ್ರ ಒಂದು ಮೀಟರ್. ಬೋಗಿಯ, ಅಂದರೆ ಗಾಡಿಯ ಕೆಳಗಿನ ನಾಲ್ಕು ಚಕ್ರದ ಚೌಕಟ್ಟಿನ, ಎರಡು ಆಕ್ಸಲ್ ನಡುವೆ ಎರಡು ಮೀಟರ್. ಕಿಟ್ಟಿನಲ್ಲಿದ್ದ ಚಕ್ರ 11 ಮಿ.ಮೀ., ಡಬಲ್ ಮಾಡಿದರೆ 22. ಓ ಸ್ಕೇಲಿಗೆ ನಿಜಕ್ಕೂ ಬೇಕಾದದ್ದು 23. ನೋಡಿ, ಇಲ್ಲೇ ತಪ್ಪಿತು.

ಹೊರಡುವ ಮುಂಚೆ ಅವರು ತೆರೆದಿದ್ದ ಬಾಗಿಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. "ಇಷ್ಟು ತೆಳು ತಗಡು, 58 ಟನ್ ಹೊರ್ತದ ನೋಡ್ರಿ."

ಆ ಬೆರಳುಗಳು ಇನ್ನೂ ನನ್ನ ಕಣ್ಣ ಮುಂದೆ ಇವೆ. ಆ ತಗಡು ಐದಾರು ಮಿ.ಮೀ. ದಪ್ಪ ಅಷ್ಟೇ. ಎಚ್‌ಓ ಕಿಟ್ಟಿನ ಗೋಡೆ ಒಂದು ಮಿ.ಮೀ. ಅಂದರೆ ನಿಜ ಗಾಡಿಯ ಲೆಕ್ಕದಲ್ಲಿ 87 ಮಿ.ಮೀ., ಹತ್ತಿರ ಹತ್ತಿರ ಮೂರೂವರೆ ಇಂಚು. ಕೋಟೆ ಗೋಡೆ! ಚಿಕ್ಕದರಲ್ಲಿ ಕಣ್ಣು ಅದನ್ನು ಕ್ಷಮಿಸುತ್ತದೆ. ಡಬಲ್ ಮಾಡಿದರೆ ಎರಡು ಮಿ.ಮೀ. ದಪ್ಪದ ಅಂಚು ಮೇಲಿನಿಂದ ಎದ್ದು ಕಾಣುತ್ತದೆ. ಬಾಕ್ಸ್-ಎನ್‌ಗೆ ಚಾವಣಿ ಇಲ್ಲವಲ್ಲ. ಅದಕ್ಕೇ ಹೇಳುವುದು, ಗಾಡಿಯಿಂದ ಶುರು ಮಾಡಿ. ಗೋಡೆಗೆ ನಾನು ಅರ್ಧ ಮಿ.ಮೀ. ಪ್ಲಾಸ್ಟಿಕ್ ಹಾಳೆ ಹಾಕಿದೆ. ಮೇಲಿನ ಪಟ್ಟಿ ಅದರ ದಪ್ಪವನ್ನು ಮುಚ್ಚುತ್ತದೆ. ಬಾಗಿಲಿಗೆ ಮಾತ್ರ 0.1 ಮಿ.ಮೀ. ಹಿತ್ತಾಳೆ ತಗಡು.

ಚಕ್ರದ ಫ್ಲಾಂಜ್, ಅಂದರೆ ಚಕ್ರ ಹಳಿಯಿಂದ ಜಾರದಂತೆ ತಡೆಯುವ ಅಂಚು, ನನಗೆ ತುಂಬಾ ಇಷ್ಟದ ವಿಷಯ. ನಿಜ ಚಕ್ರದ ಫ್ಲಾಂಜ್ 28.5 ಮಿ.ಮೀ. ಎತ್ತರ. ಎಚ್‌ಓದಲ್ಲಿ ಅದು 0.33 ಆಗಬೇಕು. ಆದರೆ ಅಷ್ಟು ಗಿಡ್ಡ ಫ್ಲಾಂಜ್ ಇದ್ದರೆ ಗಾಡಿ ಹಳಿ ತಪ್ಪುತ್ತದೆ ಅಂತ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಸುಮಾರು 0.63ರ ಅಳತೆ ಕೊಟ್ಟಿದೆ. ಓ ಸ್ಕೇಲಿನಲ್ಲಿ ನಿಜ ಫ್ಲಾಂಜಿನ ಅಳತೆ ಎಷ್ಟು ಬರುತ್ತೆ ಗೊತ್ತಾ? 0.65! ಅಂದರೆ ಚಿಕ್ಕ ಗಾಡಿಯ ಫ್ಲಾಂಜ್ ಎತ್ತರವನ್ನು ಹಾಗೇ ಇಟ್ಟುಕೊಂಡರೆ ದೊಡ್ಡ ಗಾಡಿಗೆ ಸರಿಹೋಗುತ್ತದೆ. 200 ಒತ್ತಿದವರಿಗೆ ಸಿಗುವುದು 1.26.

ತೂಕವೂ ಹೀಗೇ. ಎಲ್ಲವನ್ನೂ ಡಬಲ್ ಮಾಡಿದರೆ ತೂಕ ಎಂಟು ಪಟ್ಟು. ಎನ್‌ಎಂಆರ್‌ಎ ಸೂತ್ರದ ಪ್ರಕಾರ 123 ಮಿ.ಮೀ.ನ ಎಚ್‌ಓ ವ್ಯಾಗನ್ 97 ಗ್ರಾಂ ಇರಬೇಕು, 246 ಮಿ.ಮೀ.ನ ಓ ವ್ಯಾಗನ್ 416 ಗ್ರಾಂ. ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಂಟು ಪಟ್ಟು ಭಾರದ ಹತ್ತು ವ್ಯಾಗನ್ ಕಟ್ಟಿ ನಿಮ್ಮ ಎಂಜಿನ್ನಿಗೆ ಎಳೆ ಅಂದರೆ ಪಾಪ, ಅದೇನು ಮಾಡೀತು?

ಇನ್ನು ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅಂಗಡಿಯಲ್ಲಿ ಸಿಗುವ 16.5ರ ಎಚ್‌ಓ ಹಳಿ 1435ರ ಗೇಜಿಗೆ ಮಾಡಿದ್ದು. ನಮಗೆ 19.3 ಬೇಕಿತ್ತು. ಓ ಹಳಿ 32, ನಮಗೆ 38.5 ಬೇಕು. ಎಚ್‌ಓದಲ್ಲಿ ಸುಮಾರು 2.8 ಇದ್ದ ಕೊರತೆ ಓ ಸ್ಕೇಲಿನಲ್ಲಿ 6.5 ಆಯಿತು. 73 ಮಿ.ಮೀ. ಅಗಲದ ವ್ಯಾಗನ್ ಅಷ್ಟು ಕಿರಿದಾದ ಹಳಿಯ ಮೇಲೆ ನಿಂತರೆ ಎದುರಿನಿಂದ ನೋಡಲು ಸಂಕಟ ಆಗುತ್ತದೆ. ಗೆಳೆಯರು ಹಾಕಿರುವ ಮಾದರಿ ಹಳಿಯ ಮೇಲೆ ಓಡಿಸಲೇಬೇಕು ಅನ್ನುವವರು 32 ಇಟ್ಟುಕೊಳ್ಳಿ. ಹೊಸದಾಗಿ ಹಳಿ ಹಾಕುವವರು ದಯವಿಟ್ಟು ಕೈಯಾರೆ 38.5 ಹಾಕಿ. ತಾಳಗುಪ್ಪದ ಹಳೆಯ ಮೀಟರ್ ಗೇಜ್ ಇಷ್ಟಪಡುವವರಿಗೆ ಮಾತ್ರ ಅದೃಷ್ಟ. 32ರಲ್ಲಿ ಒಂದು ಪಾಲಿನ ಸ್ಕೇಲಿನಲ್ಲಿ ಕಟ್ಟಿದರೆ ಮೀಟರ್ ಗೇಜ್ 31.25 ಬರುತ್ತದೆ. ಅಂಗಡಿಯ 32ರ ಹಳಿಯೇ ಸಾಕು.

ಚೀಟಿ ಬಂತು, ಐದು ನಿಮಿಷ ಅಂತೆ. ಬಣ್ಣದ ವಿಷಯ ಬಿಡುತ್ತೇನೆ. ಕಪ್ಲರ್ ಎತ್ತರ ಬರೆದುಕೊಳ್ಳಿ: ಖಾಲಿ ಗಾಡಿಗೆ ಹಳಿಯಿಂದ ಹೆಚ್ಚೆಂದರೆ 1105, ಓ ಸ್ಕೇಲಿನಲ್ಲಿ 25.4. ಬೇರಿಂಗ್ ಬಗ್ಗೆ ಟೀ ಹೊತ್ತಿಗೆ ಕೇಳಿ.

ಕೊನೆಗೆ ಅದಿರು. ದಯವಿಟ್ಟು ಬಾಯಿ ಮಟ್ಟ ತುಂಬಬೇಡಿ. ಕಲ್ಲಿದ್ದಲಾದರೆ ತುಂಬಿ. ಕಬ್ಬಿಣದ ಅದಿರು ಭಾರ, ಅರ್ಧ ಬರುವ ಮೊದಲೇ ಗಾಡಿಯ ಮಿತಿ ಮುಗಿಯುತ್ತದೆ. ಹೊರಗಿರುವ ದೊಡ್ಡ ವ್ಯಾಗನ್ನಿನಲ್ಲಿ ಇರುವುದು ಅದೇ ಸ್ಟೇಷನ್ ಅಂಗಳದ ಕೆಂಪು ಮಣ್ಣು, ಟೀ ಜರಡಿಯಲ್ಲಿ ಸೋಸಿದ್ದು. ಎಲ್ಲರೂ ಕೈಗೆತ್ತಿಕೊಂಡು ನೋಡಿ. ಬಾಗಿಲಿನ ಹತ್ತಿರ ಮಾತ್ರ ಹಿಡಿಯಬೇಡಿ, ಅಲ್ಲಿ ತಗಡು ತುಂಬಾ ತೆಳ್ಳಗಿದೆ.