ಚಾಳೀಸು ಬಂದ ಮೇಲೆ ಅಪ್ಪನಾದವನು

ಕೇಳುಗರಿಗೆ ನಮಸ್ಕಾರ.

ಎಳೆಗೂಸಿನ ಉಗುರು ಕತ್ತರಿಸುವುದು ಎಂಥ ಕೆಲಸ ಎಂಬುದು ಕತ್ತರಿಸಿದವರಿಗೇ ಗೊತ್ತು. ಉಗುರು ಕಾಗದಕ್ಕಿಂತ ತೆಳು. ಮುಷ್ಟಿ ಬಿಚ್ಚುವುದಿಲ್ಲ, ಬಿಚ್ಚಿದರೆ ನಿಲ್ಲುವುದಿಲ್ಲ. ಮಗಳು ಹುಟ್ಟಿದ ಮೂರನೆಯ ವಾರ, ಮುಖ ಪರಚಿಕೊಳ್ಳುತ್ತಿದ್ದಾಳೆಂದು ನಾನು ಪುಟ್ಟ ಕತ್ತರಿ ಹಿಡಿದು ಕುಳಿತೆ. ಬೆರಳು ಕಂಡಿತು, ಉಗುರು ಕಾಣಲಿಲ್ಲ. ತುಸು ದೂರ ಹಿಡಿದು ನೋಡೋಣವೆಂದರೆ ಅದೇನು ಪತ್ರಿಕೆಯೇ? ಕೈ ಮಗುವಿಗೆ ಅಂಟಿಕೊಂಡೇ ಇತ್ತು. ಕೊನೆಗೆ ಎದ್ದು ಹೋಗಿ, ಚಾಳೀಸು ಹುಡುಕಿ, ಹಾಕಿಕೊಂಡು ಬಂದೆ. ಅಷ್ಟರಲ್ಲಿ ಅವಳಿಗೆ ಎಚ್ಚರವಾಗಿತ್ತು.

ಚಾಳೀಸು ಎಂಬ ಮಾತಿನೊಳಗೇ ವಯಸ್ಸು ಕುಳಿತಿದೆ. ಹಿಂದಿಯಲ್ಲಿ ಚಾಲೀಸ್ ಎಂದರೆ 40. ಆ ವಯಸ್ಸಿನ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿರುಸಾಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ದೂರದ್ದು ಮಾತ್ರ ಮೊದಲಿನಂತೆಯೇ ಕಾಣುತ್ತದೆ. ತಡವಾಗಿ ಅಪ್ಪನಾದವನ ಪಾಡೂ ಹೆಚ್ಚುಕಡಿಮೆ ಇಷ್ಟೇ. ತೊಟ್ಟಿಲಲ್ಲಿರುವ ಮಗುವಿನ ಉಗುರು ಕಾಣುವುದಿಲ್ಲ. ಅದಕ್ಕೆ 25 ತುಂಬುವ ವರ್ಷ ಬೇಡವೆಂದರೂ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ನಾನು ಅಪ್ಪನಾದದ್ದು 49ರಲ್ಲಿ. ಈಗ ನನಗೆ 56, ಮಗಳಿಗೆ 7. ತಡವಾದದ್ದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಮದುವೆಯೇ ತಡವಾಯಿತು, ಆಮೇಲೆ ಕೆಲವು ವರ್ಷ ಕಾಯುವುದಾಯಿತು, ಒಮ್ಮೆ ನಿಂತ ಗರ್ಭ ಉಳಿಯಲಿಲ್ಲ. ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ, ಅದು ನನ್ನೊಬ್ಬನದಲ್ಲ.

ನಾನು ಹುಟ್ಟಿದಾಗ ನನ್ನ ಅಪ್ಪನಿಗೆ 24. ಅವರು 49ಕ್ಕೆ ಬರುವ ಹೊತ್ತಿಗೆ ನನಗೆ ಕೆಲಸ ಸಿಕ್ಕಿತ್ತು, ಅವರು ನನ್ನ ಲೆಕ್ಕದಲ್ಲಿ ಮುದುಕರಾಗಿದ್ದರು. ರಸ್ತೆ ದಾಟುವಾಗ ಅವರ ಕೈ ಹಿಡಿದುಕೊಂಡದ್ದು ನೆನಪಿದೆ, ಅವರು ಕೊಡವಿಕೊಂಡದ್ದೂ ನೆನಪಿದೆ. ಅದೇ ವಯಸ್ಸಿನಲ್ಲಿ ನಾನು ನಡುರಾತ್ರಿ ಎದ್ದು ಒದ್ದೆ ಬಟ್ಟೆ ಬದಲಾಯಿಸುತ್ತಿದ್ದೆ. ಕೊಡವಿಕೊಂಡದ್ದು ಏಕೆಂದು ಆಗ ತಿಳಿಯಿತು, ಆದರೆ ಹೇಳೋಣವೆಂದರೆ ಅವರು ಇರಲಿಲ್ಲ. ಮಗಳು ಅಜ್ಜನನ್ನು ಗೋಡೆಯ ಮೇಲಿನ ಚಿತ್ರದಲ್ಲಷ್ಟೇ ಬಲ್ಲಳು. ತಡವಾದ ಮಕ್ಕಳು ಮೊದಲು ಕಳೆದುಕೊಳ್ಳುವುದು ಅಪ್ಪನನ್ನಲ್ಲ, ಅಜ್ಜ ಅಜ್ಜಿಯರನ್ನು. ಹುಟ್ಟುವ ಮೊದಲೇ ಕಳೆದುಕೊಂಡಿರುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಗದರುವ ಅಪ್ಪನೂ ಮುದ್ದು ಮಾಡಿ ಕೆಡಿಸುವ ಅಜ್ಜನೂ ನಾನೇ. ಎರಡು ವೇಷ ಒಬ್ಬನೇ ಕಟ್ಟಿದರೆ ಆಗುವ ಎಡವಟ್ಟು ನಿಮಗೆ ಗೊತ್ತಲ್ಲ: ಗದರಬೇಕಾದ ಕಡೆ ಅಜ್ಜ ಬಂದುಬಿಡುತ್ತಾನೆ.

ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಯಾರೋ ಪ್ರಸಿದ್ಧರು 70ರಲ್ಲಿ ತಂದೆಯಾದರು ಎಂದು. ಓದುವವರು ಹುಬ್ಬೇರಿಸುತ್ತಾರೆ, ಕೆಲವು ಗಂಡಸರು ಮೀಸೆಯನ್ನೂ ತಿರುವುತ್ತಾರೆ. ಚಾರ್ಲಿ ಚಾಪ್ಲಿನ್‌ಗೆ ಕೊನೆಯ ಮಗ ಹುಟ್ಟಿದ್ದು 1962ರಲ್ಲಿ, ಅವರಿಗೆ 73 ಆಗಿದ್ದಾಗ. ಚಿತ್ರಕಾರ ಪಿಕಾಸೊಗೆ ಕೊನೆಯ ಮಗಳು ಹುಟ್ಟಿದಾಗ 67. ಇವೆಲ್ಲಕ್ಕಿಂತ ಬೆರಗಿನದು ಅಮೆರಿಕದ ಹತ್ತನೆಯ ಅಧ್ಯಕ್ಷ ಜಾನ್ ಟೈಲರ್ ಮನೆತನದ ಲೆಕ್ಕ. ಅವರು ಹುಟ್ಟಿದ್ದು 1790ರಲ್ಲಿ. 63ನೆಯ ವಯಸ್ಸಿನಲ್ಲಿ, 1853ರಲ್ಲಿ, ಅವರಿಗೆ ಲಯನ್ ಎಂಬ ಮಗ ಹುಟ್ಟಿದ. ಆ ಲಯನ್‌ಗೆ 75ನೆಯ ವಯಸ್ಸಿನಲ್ಲಿ, 1928ರಲ್ಲಿ, ಹ್ಯಾರಿಸನ್ ಎಂಬ ಮಗ ಹುಟ್ಟಿದ. ಈ ಹ್ಯಾರಿಸನ್ ತೀರಿಕೊಂಡದ್ದು 2025ರಲ್ಲಿ. ಅಜ್ಜ ಹದಿನೆಂಟನೆಯ ಶತಮಾನದವನು, ಮೊಮ್ಮಗ ಮೊನ್ನೆ ಮೊನ್ನೆಯವರೆಗೆ ಇದ್ದವನು!

ನಾನೂ ಇದನ್ನು ಓದಿ ಹಿಗ್ಗಿದವನೇ. ಹಿಗ್ಗಿ, ನಾಲ್ಕು ಜನಕ್ಕೆ ಹೇಳಿದೆ ಕೂಡ. ಆಮೇಲೊಂದು ದಿನ ಕೂಡುವುದನ್ನು ಬಿಟ್ಟು ಕಳೆದು ನೋಡಿದೆ. ಜಾನ್ ಟೈಲರ್ ತೀರಿಕೊಂಡದ್ದು 1862ರ ಜನವರಿಯಲ್ಲಿ. ಲಯನ್‌ಗೆ ಆಗ 8. ಲಯನ್ ತೀರಿಕೊಂಡದ್ದು 1935ರಲ್ಲಿ. ಹ್ಯಾರಿಸನ್‌ಗೆ ಆಗ 6. ಚಾಪ್ಲಿನ್ ಹೋದಾಗ ಕೊನೆಯ ಮಗನಿಗೆ 15. ಪಿಕಾಸೊ ಹೋದಾಗ ಆ ಮಗಳಿಗೆ 23. ಅಪ್ಪನ ವಯಸ್ಸನ್ನು ಬೆರಗಿನಿಂದ ಹೇಳುವವರು ಮಗುವಿನ ಈ ವಯಸ್ಸನ್ನು ಹೇಳುವುದಿಲ್ಲ. ನನ್ನ ಮಗಳಿಗೆ 7 ಎಂದೆನಲ್ಲ, 6 ಮತ್ತು 8ರ ನಡುವೆ ನಿಂತಿದ್ದಾಳೆ.

ಇನ್ನು ವಿಜ್ಞಾನದ ಮಾತು. ನಾನು ವೈದ್ಯನಲ್ಲ, ಆತಂಕಕ್ಕೆ ಓದಿದವನು. ಹೆಣ್ಣುಮಗು ಹುಟ್ಟುವಾಗಲೇ ತನ್ನ ಬಾಳಿಗಾಗುವ ಅಂಡಗಳನ್ನು ಹೊತ್ತು ತಂದಿರುತ್ತದೆ. ಗಂಡಿನ ವೀರ್ಯಾಣು ಹಾಗಲ್ಲ, ಹರೆಯದಿಂದ ಮುಪ್ಪಿನವರೆಗೂ ಹೊಸದಾಗಿ ತಯಾರಾಗುತ್ತಲೇ ಇರುತ್ತದೆ. ಇದನ್ನೇ ಹಿಡಿದುಕೊಂಡು ಗಂಡಸಿಗೆ ವಯಸ್ಸಿಲ್ಲ ಎಂಬ ಜಂಬದ ಮಾತು ಹುಟ್ಟಿದೆ. ಆದರೆ ಹೊಸದಾಗಿ ತಯಾರಾಗುವುದೆಂದರೆ ಹಳೆಯದನ್ನು ನಕಲು ಮಾಡುವುದು. ವೀರ್ಯಾಣುವಿನ ಮೂಲಕೋಶಗಳು ವರ್ಷಕ್ಕೆ ಸುಮಾರು 23 ಬಾರಿ ವಿಭಜನೆಯಾಗುತ್ತವೆ. ಹಿಂದೆ ಓಲೆಗರಿಯನ್ನು ನೋಡಿ ಓಲೆಗರಿ ಬರೆಯುತ್ತಿದ್ದ ಲಿಪಿಕಾರರನ್ನು ನೆನೆಯಿರಿ. ಎಷ್ಟು ಎಚ್ಚರದಿಂದ ಬರೆದರೂ ಪ್ರತಿಯಿಂದ ಪ್ರತಿಗೆ ಎಲ್ಲೋ ಒಂದು ಕೊಂಬು ಬಿಡುತ್ತದೆ, ಒಂದು ಸೊನ್ನೆ ಸೇರಿಕೊಳ್ಳುತ್ತದೆ. ಮೈಯೊಳಗಿನ ಲಿಪಿಕಾರನೂ ಅಂಥವನೇ. ಐಸ್‌ಲ್ಯಾಂಡಿನಲ್ಲಿ 78 ಕುಟುಂಬಗಳ ತಂದೆ, ತಾಯಿ, ಮಗುವಿನ ವಂಶವಾಹಿಗಳನ್ನು ಪೂರ್ತಿಯಾಗಿ ಓದಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂದೆಯ ವಯಸ್ಸು ಒಂದೊಂದು ವರ್ಷ ಏರಿದಂತೆ ಮಗುವಿಗೆ ಹೋಗುವ ಇಂಥ ಹೊಸ ನಕಲು ತಪ್ಪುಗಳು ಸುಮಾರು ಎರಡೆರಡು ಹೆಚ್ಚುತ್ತವೆ. 20ರ ತಂದೆಯಿಂದ ಸುಮಾರು 25, 40ರ ತಂದೆಯಿಂದ ಸುಮಾರು 65.

ಇದರ ಸುಳಿವು ವಂಶವಾಹಿಯನ್ನು ಓದಲು ಬರುವ ಎಷ್ಟೋ ಮೊದಲೇ ಸಿಕ್ಕಿತ್ತು. ಕೈಕಾಲು ಗಿಡ್ಡವಾಗಿ ಬೆಳೆಯುವ ಅಕಾಂಡ್ರೋಪ್ಲೇಸಿಯಾ ಎಂಬ ಸ್ಥಿತಿಯ ಮಕ್ಕಳಲ್ಲಿ ಮನೆಯ ಕೊನೆಯ ಮಕ್ಕಳೇ ಹೆಚ್ಚು ಎಂದು ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ 1912ರಲ್ಲೇ ಗಮನಿಸಿದ್ದರು. ಕಾರಣ ತಾಯಿಯ ವಯಸ್ಸಲ್ಲ, ತಂದೆಯದು ಎಂದು ಬ್ರಿಟನ್ನಿನ ಲಯನೆಲ್ ಪೆನ್ರೋಸ್ 1955ರಲ್ಲಿ ತೋರಿಸಿದರು. ಹಾಗೆಂದು ಗಾಬರಿಯಾಗಬೇಕಿಲ್ಲ. ಆ ನಕಲು ತಪ್ಪುಗಳಲ್ಲಿ ಬಹುಪಾಲು ಏನನ್ನೂ ಮಾಡದೆ ಸುಮ್ಮನಿರುತ್ತವೆ. ಆಟಿಸಂ ಎಂಬ ಬೆಳವಣಿಗೆಯ ತೊಡಕು, ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ಇವುಗಳ ಸಾಧ್ಯತೆ ತಂದೆಯ ವಯಸ್ಸಿನೊಂದಿಗೆ ಏರುತ್ತದೆ ಎನ್ನುತ್ತಾರೆ, ಏರುವುದೂ ನಿಜ. ಆದರೆ ಯಾರಾದರೂ ಅಪಾಯ ಎರಡು ಪಟ್ಟು ಎಂದರೆ ಯಾವುದರ ಎರಡು ಪಟ್ಟು ಎಂದು ಕೇಳಬೇಕು. ಸಾವಿರಕ್ಕೆ ಒಂದು ಇದ್ದದ್ದು ಎರಡಾದರೆ ಉಳಿದ 998 ಮಕ್ಕಳೂ ಲೆಕ್ಕದಲ್ಲಿವೆ. ನಾನು ಮೊದಮೊದಲು ಅವುಗಳನ್ನು ಮರೆತು, ಆ ಇಬ್ಬರನ್ನೇ ಎಣಿಸುತ್ತ ರಾತ್ರಿ ಕಳೆದೆ.

ಒಂದು ಅಸಮಾಧಾನ ಮಾತ್ರ ಹೇಳಿಯೇ ಬಿಡುತ್ತೇನೆ. ತಪಾಸಣೆಯ ಆ ವರ್ಷಗಳಲ್ಲಿ ನನ್ನ ಹೆಂಡತಿಯ ವಯಸ್ಸನ್ನು ಎಲ್ಲರೂ ಕೇಳಿದರು, ಕೇಳಿ ತುಟಿ ಬಿಗಿದರು. ಅವಳಿಗೆ ಆಗ 38. ಪಕ್ಕದ ಕುರ್ಚಿಯಲ್ಲಿ 46ರ ನಾನಿದ್ದೆ. ನನ್ನ ವಯಸ್ಸನ್ನು ಅರ್ಜಿಯಲ್ಲಿ ಬರೆದುಕೊಂಡು ಮುಂದಿನ ಸಾಲಿಗೆ ಹೋದರು. ತಾಯಿಯ ವಯಸ್ಸಿನ ಪ್ರಭಾವ ಹೆಚ್ಚೆಂಬುದು ದಿಟ. ಗರ್ಭ ನಿಲ್ಲಲು ತಡವಾಗುವುದಕ್ಕೆ, ನಿಂತದ್ದು ಉಳಿಯದಿರುವುದಕ್ಕೆ ತಂದೆಯ ವಯಸ್ಸೂ ಸೇರಿರುತ್ತದೆ ಎಂಬುದೂ ದಿಟ. ಇದನ್ನು ನಾನು ಓದಿ ತಿಳಿಯಬೇಕಾಯಿತು. ಅಷ್ಟು ಹೊತ್ತಿಗೆ ಅವಳು ಎಲ್ಲ ತಪ್ಪನ್ನೂ ತಾನೇ ಹೊತ್ತುಕೊಂಡು ಬಹಳ ದಿನವಾಗಿತ್ತು.

ವಯಸ್ಸಾದ ಅಪ್ಪಂದಿರಿಗೆ ತಾಳ್ಮೆ ಹೆಚ್ಚು ಎಂದು ಹೊಗಳುವವರಿದ್ದಾರೆ. ನನ್ನನ್ನು ಕೇಳಿದರೆ ಇದು ಅರ್ಧ ಸುಳ್ಳು. ನನ್ನ ತಾಳ್ಮೆ ಬೆಳೆದಿಲ್ಲ. ಹೋಗಬೇಕಾದ ಕಡೆಗಳು ಕಡಿಮೆಯಾಗಿವೆ. 30ರಲ್ಲಿ ಅಪ್ಪನಾಗಿದ್ದರೆ ಬಡ್ತಿ, ಪ್ರವಾಸ, ಗೆಳೆಯರ ಕೂಟ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡಿರುತ್ತಿದ್ದೆ. ಈಗ ಇರುವೆಯ ಸಾಲನ್ನು ಅವಳು ಮುಕ್ಕಾಲು ಗಂಟೆ ನೋಡಿದರೆ ನಾನೂ ನೋಡುತ್ತೇನೆ. ಕಷ್ಟವಿರುವುದು ನೋಡುವುದರಲ್ಲಲ್ಲ, ಕುಕ್ಕರುಗಾಲಿನಿಂದ ಮೇಲೇಳುವುದರಲ್ಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮಕ್ಕಳನ್ನು ತಿದ್ದುವುದಕ್ಕೆ ಬಳಸುತ್ತೇವೆ. ನಮ್ಮ ಮನೆಯಲ್ಲಿ ಅದು ನನ್ನ ಸೊಂಟಕ್ಕೆ ಅನ್ವಯಿಸುತ್ತದೆ.

ಮೊಮ್ಮಗಳಾ ಎಂದು ಕೇಳುವವರು ಇದ್ದೇ ಇದ್ದಾರೆ. ಮೊದಲು ತಿದ್ದುತ್ತಿದ್ದೆ. ತಿದ್ದಿದರೆ ಕೇಳಿದವರು ಪೆಚ್ಚಾಗುತ್ತಾರೆ, ಅವರನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬೀಳುತ್ತದೆ. ಒಮ್ಮೆ ಬಸ್ಸಿನಲ್ಲಿ, ಇನ್ನೇನು ಇಳಿಯುವ ನಿಲ್ದಾಣ ಬಂತಲ್ಲ ಎಂದು, ಹೌದು ಎಂದುಬಿಟ್ಟೆ. ಮಗಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಆ ದಿನವೆಲ್ಲ ನನಗೆ ಏನೋ ಕದ್ದ ಹಾಗಿತ್ತು. ಅಂದಿನಿಂದ ಯಾರು ಪೆಚ್ಚಾದರೂ ಸರಿ, ಮಗಳು ಎಂದೇ ಹೇಳುತ್ತೇನೆ.

ಯಯಾತಿಯ ಕಥೆ ನಿಮಗೆಲ್ಲ ಗೊತ್ತು. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದೆರಗಿದಾಗ ಅವನು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಯೌವನ ಕೊಡಿ ಎಂದ. ದೊಡ್ಡವರು ಒಲ್ಲೆವೆಂದರು, ಕಿರಿಯವನಾದ ಪುರು ಕೊಟ್ಟ. ಚಿಕ್ಕಂದಿನಲ್ಲಿ ಇದನ್ನು ಪುರುವಿನ ಪಿತೃಭಕ್ತಿಯ ಕಥೆಯೆಂದು ಕೇಳಿದ್ದೆ. ಈಗ ನನ್ನ ಕಣ್ಣು ಅಪ್ಪನ ಮೇಲೆ ನಿಂತಿದೆ. ಅವನು ಕೊನೆಯ ಪಕ್ಷ ಬಾಯಿಬಿಟ್ಟು ಕೇಳಿದ. ತಡವಾಗಿ ತಂದೆಯಾದವರು ಕೇಳದೆಯೇ ಇಸಿದುಕೊಳ್ಳುತ್ತೇವೆ. ನಾನು 60ರಲ್ಲಿ ನಿವೃತ್ತನಾಗುವಾಗ ಅವಳಿಗೆ 11. ಅವಳು 25ರಲ್ಲಿ ಎಲ್ಲಿಗಾದರೂ ಹಾರಬೇಕೆಂದಾಗ ನನಗೆ 74. ಅವಳ ಓರಗೆಯವರು ಮದುವೆ, ಕೆಲಸ, ದೂರದ ಊರು ಎಂದು ಯೋಚಿಸುವ ಹೊತ್ತಿನಲ್ಲಿ ಇವಳು ನನ್ನ ಮಾತ್ರೆಗಳ ಲೆಕ್ಕ ಇಡುತ್ತಿರಬಹುದು. ಒಬ್ಬಳೇ ಮಗಳಾದ್ದರಿಂದ ಹಂಚಿಕೊಳ್ಳಲು ಇನ್ನೊಂದು ಹೆಗಲೂ ಇಲ್ಲ. ನಾನು ಎಷ್ಟು ವರ್ಷ ಬದುಕುತ್ತೇನೆ ಎಂಬುದಕ್ಕಿಂತ, ಬದುಕಿದಷ್ಟು ವರ್ಷ ಎಷ್ಟು ಭಾರವಾಗಿ ಬದುಕುತ್ತೇನೆ ಎಂಬುದು ಈಗ ನನ್ನ ಪ್ರಶ್ನೆ.

ಆದ್ದರಿಂದ ಬೆಳಗ್ಗೆ ನಡೆಯುತ್ತೇನೆ, ಕೈ ಊರದೆ ನೆಲದಿಂದ ಏಳುವುದನ್ನು ಅಭ್ಯಾಸ ಮಾಡುತ್ತೇನೆ. ಸಿಗರೇಟು ಬಿಟ್ಟಿದ್ದೇನೆ, 20 ವರ್ಷದಿಂದ ಬಿಡುತ್ತಲೇ ಇದ್ದೆ, ಈ ಸಲ ಬಿಟ್ಟಿದೆ. ಉಯಿಲು ಬರೆದಿದ್ದೇವೆ. ನಮ್ಮಿಬ್ಬರಿಗೂ ಏನಾದರೂ ಆದರೆ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಅದರಲ್ಲಿದೆ. ಹೆಸರು ಬರೆಯುವ ಮೊದಲು ಅವರನ್ನು ಕೇಳಿದೆವು. ಕೇಳದೆ ಬರೆಯುವವರೂ ಇದ್ದಾರಂತೆ! ಒಂದು ನೋಟುಪುಸ್ತಕವನ್ನೂ ಇಟ್ಟಿದ್ದೇನೆ. ಮೊದಲು ಅದರಲ್ಲಿ ಉಪದೇಶ ಬರೆಯಲು ಹೊರಟೆ, ಎರಡು ಪುಟ ಬರೆದು ಓದಿದೆ, ನನಗೇ ಆಕಳಿಕೆ ಬಂತು, ಹರಿದೆ. ಈಗ ಅದರಲ್ಲಿರುವುದು ಬೇರೆ: ನನ್ನ ಅಪ್ಪನಿಗೆ ಹೃದಯದ ತೊಂದರೆ ಯಾವ ವಯಸ್ಸಿನಲ್ಲಿ ಬಂತು, ಮನೆತನದಲ್ಲಿ ಸಕ್ಕರೆ ಕಾಯಿಲೆ ಯಾರಿಗಿತ್ತು, ಅವಳ ಅಜ್ಜಿ ಯಾವ ಮಾತಿಗೆ ನಗುತ್ತಿದ್ದಳು, ಅವಳು ಮೊದಲ ಬಾರಿ ನಡೆದದ್ದು ಯಾವ ಕೋಣೆಯಲ್ಲಿ. ಮುಂದೊಂದು ದಿನ ವೈದ್ಯರು ಕೇಳುವ ಪ್ರಶ್ನೆಗೂ ಅವಳೇ ಕೇಳಿಕೊಳ್ಳುವ ಪ್ರಶ್ನೆಗೂ ಉತ್ತರ ಹೇಳಲು ಯಾರೂ ಇಲ್ಲದೆ ಹೋಗಬಾರದು.

ಶಾಲೆಯಲ್ಲಿ ಅವಳಿಗೆ ಈಗ ಕೂಡುವ ಲೆಕ್ಕ. ಮೊನ್ನೆ ಸಂಜೆ ಪಾಟಿ ಹಿಡಿದು ಬಂದು, "ಅಪ್ಪ, ನನಗೆ 30 ಆದಾಗ ನಿನಗೆ ಎಷ್ಟು?" ಎಂದಳು. ನಾನು ಉತ್ತರಿಸಲಿಲ್ಲ. ಅವಳೇ ಬೆರಳು ಮಡಿಸಿ, ತುಟಿ ಕಚ್ಚಿ, ಕೂಡಿ, "79" ಎಂದಳು. ಮುಂದಿನ ಪ್ರಶ್ನೆಗೆ ನಾನು ಉಸಿರು ಹಿಡಿದು ಕುಳಿತಿದ್ದೆ. ಅವಳು, "ಸರಿಯಾಗಿದೆಯಾ?" ಎಂದಳು. ಸರಿಯಾಗಿದೆ ಎಂದೆ. ಪಾಟಿಯ ಮೇಲೆ ತಾನೇ ಒಂದು ಸರಿ ಗುರುತು ಹಾಕಿಕೊಂಡು ಓಡಿದಳು.

ಕಳೆದ ತಿಂಗಳು ಅವಳ ಮುಂದಿನ ಹಾಲುಹಲ್ಲು ಬಿತ್ತು. ಅದೇ ವಾರ ನನ್ನದೊಂದು ದವಡೆ ಹಲ್ಲನ್ನು ವೈದ್ಯರು ಕಿತ್ತರು. ಕೆನ್ನೆ ಊದಿಸಿಕೊಂಡು ಮನೆಗೆ ಬಂದವನನ್ನು ಅವಳು ಕೂರಿಸಿ, ಬಾಯಿ ತೆರೆಸಿ, ಟಾರ್ಚು ಹಾಕಿ ಖಾಲಿ ಜಾಗವನ್ನು ನೋಡಿದಳು. ತನ್ನ ಖಾಲಿ ಜಾಗವನ್ನು ನನಗೆ ತೋರಿಸಿದಳು. ಅಲ್ಲಿ ಆಗಲೇ ಬಿಳಿಯ ಅಂಚೊಂದು ಇಣುಕುತ್ತಿತ್ತು. ಚಾಳೀಸು ಹಾಕಿಕೊಂಡ ಮೇಲೆ ನನಗೂ ಕಂಡಿತು. "ನಿನಗೂ ಬರುತ್ತದೆ ಅಪ್ಪ," ಎಂದಳು, "ನಿನ್ನದು ದೊಡ್ಡ ಹಲ್ಲು, ಅದಕ್ಕೇ ತಡ."

ನಮಸ್ಕಾರ.