ಸುರಂಗದ ಬಾಯಿಗೊಂದು ಬೀಗ

ಕೇಳುಗರಿಗೆ ನಮಸ್ಕಾರ. ವೆಬ್‌ಸೈಟ್ ಕಟ್ಟಲು ಕಲಿಯುತ್ತಿರುವ ವಿದ್ಯಾರ್ಥಿಗಳೇ, ಇಂದಿನ ಮಾತು ನಿಮಗಾಗಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುವ ಸರ್ವರ್‌ನ ವಿಳಾಸ 127.0.0.1. ಅದು ನಿಮ್ಮ ಯಂತ್ರದೊಳಗೆ ಮಾತ್ರ ಸಲ್ಲುವ ವಿಳಾಸ. ಬೇರೆ ಊರಿನ ಗೆಳೆಯರಿಗೆ ತೋರಿಸಲು ಸುರಂಗ ಬೇಕು. ಎನ್‌ಗ್ರಾಕ್, ಕ್ಲೌಡ್‌ಫ್ಲೇರ್ ಟನಲ್ ಎಂಬ ಸೇವೆಗಳು ಮಾಡುವುದು ಇದನ್ನೇ. ನಿಮ್ಮ ಯಂತ್ರ ತಾನಾಗಿ ಹೊರಗಿನ ಸರ್ವರ್ ಒಂದನ್ನು ಸಂಪರ್ಕಿಸುತ್ತದೆ; ಅದೇ ದಾರಿಯಲ್ಲಿ ಹೊರಗಿನವರು ಒಳಗೆ ಬರುತ್ತಾರೆ. ರೂಟರ್ ಮುಟ್ಟಬೇಕಿಲ್ಲ, ಒಂದು ಸಾಲಿನ ಆಜ್ಞೆ ಸಾಕು. ಅಷ್ಟು ಸುಲಭವಾದ್ದರಿಂದಲೇ ಹೇಳುತ್ತೇನೆ: ಮೊದಲು ಬೀಗ, ಆಮೇಲೆ ಸುರಂಗ.

ನನ್ನ ವಿದ್ಯಾರ್ಥಿನಿಯೊಬ್ಬಳು ಕ್ಯಾಂಟೀನ್ ಊಟಕ್ಕೆ ಹಣ ಕಟ್ಟುವ ಆ್ಯಪ್ ಮಾಡುತ್ತಿದ್ದಳು. ಪಾವತಿ ಸಂಸ್ಥೆಯ ಸರ್ವರ್‌ನಿಂದ ಹಣ ಸಂದಾಯದ ಸಂದೇಶ ಬರುತ್ತದೆಯೇ ಎಂದು ನೋಡಲು ಸಂಜೆ ಸುರಂಗ ತೆರೆದು, ಹಾಗೆಯೇ ಬಿಟ್ಟು ಮಲಗಿದಳು. ಬೆಳಿಗ್ಗೆ ಸಂಭ್ರಮದಿಂದ ಫೋನ್ ಮಾಡಿದಳು: "ಸರ್, ರಾತ್ರಿಯೆಲ್ಲ ಜನ ಬಂದಿದ್ದಾರೆ!" ಯಾರು ಏನು ಕೇಳಿದರೆಂದು ಸರ್ವರ್ ಬರೆದಿಡುವ ಲಾಗ್ ತೆಗೆದು ನೋಡಿದೆವು. ಬಂದವರು ಜನರಲ್ಲ, ಬಾಟ್‌ಗಳು, ಅಂದರೆ ತಾವಾಗಿಯೇ ಜಾಲತಾಣಗಳನ್ನು ತಡಕುವ ಪ್ರೋಗ್ರಾಂಗಳು. ಒಂದು ಬಾಟ್, ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಲಾಗಿನ್ ಪುಟವನ್ನು ಕೇಳಿತ್ತು. ಅವಳು ವರ್ಡ್‌ಪ್ರೆಸ್ ಬಳಸಿಯೇ ಇರಲಿಲ್ಲ. ಇನ್ನೊಂದು, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಕಡತಗಳನ್ನು ಕೇಳಿತ್ತು. ಹತ್ತಾರು ಸಲ ಕೇಳಿದ್ದು ಆ್ಯಪ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಡಾಟ್ ಎನ್‌ವಿ (.env) ಕಡತವನ್ನು. ಡೇಟಾಬೇಸ್ ಪಾಸ್‌ವರ್ಡ್, ಪಾವತಿಯ ಗುಪ್ತ ಕೀಲಿ ಎರಡೂ ಇದ್ದದ್ದು ಅದರಲ್ಲೇ.

"ವಿಳಾಸವನ್ನು ಯಾರಿಗೂ ಹೇಳಿರಲಿಲ್ಲ ಸರ್" ಎಂದಳು. ಹೇಳಬೇಕಾಗಿಯೇ ಇಲ್ಲ. ಅವಳು ಸ್ವಂತ ಡೊಮೇನ್ ಹೆಸರನ್ನು ಜೋಡಿಸಿದ್ದಳು. ಎಚ್‌ಟಿಟಿಪಿಎಸ್ ಪ್ರಮಾಣಪತ್ರ ನೀಡಿದಾಗ ಆ ಹೆಸರು ಸಾರ್ವಜನಿಕ ದಾಖಲೆಗೆ ಸೇರುತ್ತದೆ, ಬಾಟ್‌ಗಳು ಆ ದಾಖಲೆಯನ್ನು ಓದುತ್ತಲೇ ಇರುತ್ತವೆ. ಡಾಟ್ ಎನ್‌ವಿ ಕಡತ ಹೊರಗೆ ಹೋಗಿರಲಿಲ್ಲ. ಆದರೆ ತಪ್ಪು ಹುಡುಕಲು ಬಳಸುವ ಡೀಬಗ್ ಸ್ಥಿತಿ ಆನ್ ಆಗಿತ್ತು. ದೋಷದ ಪುಟ ಒಳಗಿನ ವಿವರಗಳನ್ನೆಲ್ಲ ಅಪರಿಚಿತರ ಮುಂದೆ ಹರಡಿತ್ತು. ಆ ಬೆಳಿಗ್ಗೆಯೇ ಕೂತು ಎಲ್ಲ ಕೀಲಿಗಳನ್ನೂ ಬದಲಾಯಿಸಿದೆವು.

ಸಮಯ ಕಡಿಮೆಯಿದೆ, ಬೇಗ ಹೇಳಿಬಿಡುತ್ತೇನೆ. ಬೀಗ ಎಂದರೆ ಸುರಂಗದ ಬಾಯಲ್ಲೇ ಪಾಸ್‌ವರ್ಡ್ ಕೇಳುವುದು, ಇಲ್ಲವೇ ನೀವು ಬರೆದಿಟ್ಟ ಇಮೇಲ್‌ಗಳಿಗಷ್ಟೇ ಪ್ರವೇಶ ಕೊಡುವುದು. ಎರಡಕ್ಕೂ ಈ ಸೇವೆಗಳಲ್ಲಿ ವ್ಯವಸ್ಥೆಯಿದೆ, ದಯವಿಟ್ಟು ಬಳಸಿ. ಪಾವತಿ ಸಂಸ್ಥೆಯ ಸರ್ವರ್ ಮಾತ್ರ ಹೀಗೆ ಲಾಗಿನ್ ಆಗಿ ಬರಲಾರದು. ಅದಕ್ಕೆ ಪಾವತಿಯ ಸಂದೇಶ ಬರುವ ಒಂದೇ ದಾರಿಯನ್ನು ತೆರೆದಿಡಿ, ಸಂದೇಶದ ಜೊತೆ ಬರುವ ಸಹಿಯನ್ನು ಗುಪ್ತ ಕೀಲಿಯಿಂದ ತಾಳೆ ನೋಡಿದ ಮೇಲೆಯೇ ಒಪ್ಪಿಕೊಳ್ಳಿ. ಡೀಬಗ್ ಆಫ್ ಮಾಡಿ. ಕೆಲಸ ಮುಗಿದ ಕೂಡಲೇ ಕಂಟ್ರೋಲ್ ಸಿ ಒತ್ತಿ ಸುರಂಗ ಮುಚ್ಚಿ, ಆಮೇಲೆ ಮಲಗಿ. ನಮಸ್ಕಾರ.