ಒಂದೇ ಬಾಡಿಗೆದಾರನನ್ನ ಎರಡು ಸಲ ಖಾಲಿ ಮಾಡಿಸಿದ ಕಥೆ: ಬಿಟ್‌ಕಾಯಿನ್ ಕೋರ್ ಮತ್ತು ಬರ್ಕ್ಲಿ ಡಿಬಿ

(ತೆರೆ: ಕಪ್ಪು ಹಿನ್ನೆಲೆ. ಒಂದೇ ಒಂದು ಫೈಲ್, ಹೆಸರು "ವಾಲೆಟ್ ಡಾಟ್ ಡ್ಯಾಟ್")

ಬಿಟ್‌ಕಾಯಿನ್ ಕೀಗಳಿರೋ ಈ ಫೈಲ್ ನಿಮ್ಮ ಹಳೇ ಪೆನ್‌ಡ್ರೈವ್‌ನಲ್ಲೋ, ಅಟ್ಟ ಸೇರಿರೋ ಲ್ಯಾಪ್‌ಟಾಪ್‌ನಲ್ಲೋ ಇದ್ರೆ ಈ ವಿಡಿಯೋ ಕೊನೇವರೆಗೂ ನೋಡಿ. ಇಲ್ದೇ ಇದ್ರೂ ಕೂತ್ಕೊಳ್ಳಿ, ಕಥೆ ಚೆನ್ನಾಗಿದೆ.

2025ರ ಅಕ್ಟೋಬರ್‌ನಲ್ಲಿ, ಬಿಟ್‌ಕಾಯಿನ್ ನೆಟ್‌ವರ್ಕ್ ನಡೆಸೋ ಮುಖ್ಯ ತಂತ್ರಾಂಶ ಬಿಟ್‌ಕಾಯಿನ್ ಕೋರ್‌ನ 30ನೇ ಆವೃತ್ತಿ ಬಂತು. ಊರೆಲ್ಲ ಓಪಿ ರಿಟರ್ನ್ ಮಿತಿ, ಅಂದ್ರೆ ವಹಿವಾಟಿನ ಜೊತೆ ಎಷ್ಟು ಹೆಚ್ಚುವರಿ ಡೇಟಾ ಸೇರಿಸ್ಬಹುದು ಅನ್ನೋದರ ಬಗ್ಗೆ ಜಗಳ ಆಡ್ತಿತ್ತು. ಅದೇ ಆವೃತ್ತಿಯಲ್ಲಿ, ಅಷ್ಟೇನೂ ಸದ್ದಿಲ್ಲದೆ, ಮನೆಯ ಅತಿ ಹಳೇ ಬಾಡಿಗೆದಾರ ಗಂಟುಮೂಟೆ ಕಟ್ಟಿದ. ಅವನ ಹೆಸರು ಬರ್ಕ್ಲಿ ಡಿಬಿ.

2009ರಲ್ಲಿ ಸತೋಶಿ ನಕಮೋಟೋ ಬಿಟ್ಟ ಮೊದಲ ಆವೃತ್ತಿಯಿಂದಲೂ ಇದ್ದವನು. ಇದು ಬೇರೆ ಸರ್ವರ್‌ನಲ್ಲಿ ಓಡೋ ಡೇಟಾಬೇಸ್ ಅಲ್ಲ, ಪ್ರೋಗ್ರಾಂ ಒಳಗೇ ಸೇರಿಸ್ಕೊಳ್ಳೋ ಲೈಬ್ರರಿ. ಆಗ ಬ್ಲಾಕ್‌ಗಳ, ಅಂದ್ರೆ ವಹಿವಾಟುಗಳ ಕಟ್ಟುಗಳ, ಇಂಡೆಕ್ಸ್ ಇವನ ಹತ್ರ, ಹಣ ಖರ್ಚು ಮಾಡೋಕೆ ಬೇಕಾದ ನಿಮ್ಮ ಗುಟ್ಟಿನ ಕೀಗಳಿರೋ ವಾಲೆಟ್ಟೂ ಇವನ ಹತ್ರ.

(ತೆರೆ: "ಮೊದಲ ಸಲ: 2013")

2013ರ ಫೆಬ್ರವರಿಯಲ್ಲಿ 0.8 ಆವೃತ್ತಿ ಬಂತು. ಬ್ಲಾಕ್‌ಗಳ ಲೆಕ್ಕ ಇಡೋ ಕೆಲಸ ಬರ್ಕ್ಲಿ ಡಿಬಿಯಿಂದ ಗೂಗಲ್‌ನ ಲೆವೆಲ್‌ಡಿಬಿಗೆ ಹೋಯ್ತು. ಉದ್ದೇಶ ಸರಳ, ವೇಗ. ನೆಟ್‌ವರ್ಕ್‌ನ ನಿಯಮ ಒಂದನ್ನೂ ಮುಟ್ಟಿರಲಿಲ್ಲ. ಕನಿಷ್ಠ ಎಲ್ಲರೂ ಹಾಗೇ ಅಂದ್ಕೊಂಡಿದ್ರು.

ಮೂರು ವಾರ ಕಳೀತು. ಮಾರ್ಚ್ 11ರ ರಾತ್ರಿ ಬ್ಲಾಕ್ ನಂಬರ್ 225430 ಬಂತು. ಅಲ್ಲೀತನಕ ಯಾವ ಬ್ಲಾಕ್‌ನಲ್ಲೂ ಇಲ್ಲದಷ್ಟು ಇನ್‌ಪುಟ್‌ಗಳು, ಅಂದ್ರೆ ಖರ್ಚಾಗ್ತಿರೋ ಹಳೇ ಹಣದ ಉಲ್ಲೇಖಗಳು, ಅದರಲ್ಲಿದ್ವು. 0.8 ಓಡಿಸ್ತಿದ್ದ ನೋಡ್‌ಗಳು, ಅಂದ್ರೆ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳು, "ಸರಿ, ಬಾ" ಅಂದ್ವು. ಹಳೇ ನೋಡ್‌ಗಳಲ್ಲಿ ಕೆಲವು "ಆಗಲ್ಲ" ಅಂದ್ವು. ಚೈನ್ ಎರಡಾಗಿ ಕವಲೊಡೀತು.

ಯಾಕೆ? ದೇವಸ್ಥಾನದ ಹೊರಗಡೆ ಚಪ್ಪಲಿ ಸ್ಟ್ಯಾಂಡ್ ನೆನಪು ಮಾಡ್ಕೊಳ್ಳಿ. ಒಂದು ಜೊತೆಗೆ ಒಂದು ಟೋಕನ್. ಬರ್ಕ್ಲಿ ಡಿಬಿಯೂ ಹಾಗೇ, ತನ್ನ ಒಂದೊಂದು ಪುಟ ತೆರೆಯೋಕೂ ಒಂದೊಂದು ಲಾಕ್ ಕೇಳುತ್ತೆ. ಎಷ್ಟು ಲಾಕ್ ಇರಬೇಕು ಅಂತ ಕೋಡ್ ಬರೆಯೋರೇ ಮೊದಲು ಹೇಳ್ಬೇಕು. ಬಿಟ್‌ಕಾಯಿನ್‌ನಲ್ಲಿ ಬರೆದಿದ್ದು 10,000. ಆ ರಾತ್ರಿ ಟೋಕನ್ ಖಾಲಿಯಾಯ್ತು. ಡೇಟಾಬೇಸ್ ಎರರ್ ಕೊಡ್ತು, ನೋಡ್ ಅದನ್ನ "ಬ್ಲಾಕೇ ತಪ್ಪು" ಅಂತ ಓದ್ಕೊಳ್ತು.

ಬ್ಲಾಕ್ ತಪ್ಪಿರಲಿಲ್ಲ. ಟೋಕನ್ ಸಾಲಲಿಲ್ಲ, ಅಷ್ಟೇ.

ಟೆಸ್ಟ್ ಮಾಡಿರಲಿಲ್ವಾ ಅಂದ್ರೆ, ಮಾಡಿದ್ರು. ಟೆಸ್ಟ್‌ನೆಟ್ ಅನ್ನೋ ಪರೀಕ್ಷಾ ನೆಟ್‌ವರ್ಕ್‌ನಲ್ಲಿ ಗರಿಷ್ಠ ಗಾತ್ರದ ಬ್ಲಾಕ್ ಸಲೀಸಾಗಿ ದಾಟಿತ್ತು. ಅದಕ್ಕಿಂತ ಚಿಕ್ಕ ಬ್ಲಾಕ್ ಹೆಚ್ಚು ಲಾಕ್ ಕೇಳಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಇನ್ನೂ ಒಂದು ಎಡವಟ್ಟು: ಲಾಕ್ ಎಷ್ಟು ಬೇಕು ಅನ್ನೋದು ಆಯಾ ಕಂಪ್ಯೂಟರ್‌ನಲ್ಲಿ ಡೇಟಾ ಯಾವ ಪುಟದಲ್ಲಿ ಕೂತಿದೆ ಅನ್ನೋದರ ಮೇಲೆ ನಿಂತಿದೆ. ಅಂದ್ರೆ ಹಳೇ ಆವೃತ್ತಿ ಓಡಿಸ್ತಿದ್ದ ಎರಡು ನೋಡ್‌ಗಳೂ ಒಂದೇ ಬ್ಲಾಕ್‌ಗೆ ಬೇರೆ ಬೇರೆ ಉತ್ತರ ಕೊಡಬಹುದಿತ್ತು. ಯಾರೂ ಬರೆಯದ ಒಂದು ನಿಯಮ ನಾಲ್ಕು ವರ್ಷದಿಂದ ಡೇಟಾಬೇಸ್ ಒಳಗೆ ಕೂತಿತ್ತು. ಅದನ್ನ ಎತ್ತಿದಾಗಲೇ ಗೊತ್ತಾಗಿದ್ದು.

ಆಮೇಲೆ ಆಗಿದ್ದು ಇನ್ನೂ ವಿಚಿತ್ರ. ಸುಮಾರು ಶೇಕಡಾ 60ರಷ್ಟು ಮೈನಿಂಗ್ ಶಕ್ತಿ, ಅಂದ್ರೆ ಹೊಸ ಬ್ಲಾಕ್ ಮಾಡೋ ಕಂಪ್ಯೂಟರ್ ಬಲ, ಹೊಸ ಕಡೆಗಿತ್ತು. ಆದ್ರೂ ಸೋತಿದ್ದು ಹೊಸದೇ! ಹಳೇ ಆವೃತ್ತಿಯವರನ್ನೆಲ್ಲ ಒಂದೇ ರಾತ್ರಿ ಎಬ್ಬಿಸಿ ಅಪ್‌ಗ್ರೇಡ್ ಮಾಡಿಸೋಕಾಗಲ್ಲ. ಬಿಟಿಸಿ ಗಿಲ್ಡ್, ಸ್ಲಷ್ ಅನ್ನೋ ಎರಡು ದೊಡ್ಡ ಪೂಲ್‌ಗಳು (ಒಟ್ಟಾಗಿ ಮೈನಿಂಗ್ ಮಾಡೋರ ಗುಂಪುಗಳು) ವಾಪಸ್ 0.7ಕ್ಕೆ ಇಳಿದ್ವು, ಹಳೇ ಕವಲು ಮುಂದೆ ಹೋಯ್ತು. ತಮ್ಮ ಕವಲಿನಲ್ಲಿ ಆಗಲೇ ಗಳಿಸಿದ್ದ ಬ್ಲಾಕ್‌ಗಳ ಹಣ ಬಿಟ್ಟುಕೊಟ್ಟೇ ಈ ಕೆಲಸ ಮಾಡಿದ್ದು. ನನ್ನ ಪ್ರಕಾರ ಆ ರಾತ್ರಿಯ ನಿಜವಾದ ಧೈರ್ಯ ಅದು.

(ತೆರೆ: "ಎರಡನೇ ಸಲ: 12 ವರ್ಷ ಬಿಟ್ಟು")

ಮುಂದಿನ ಕೋಣೆ ಖಾಲಿಯಾಯ್ತು. ಹಿಂದಿನ ಕೋಣೆಯಲ್ಲಿ, ಅಂದ್ರೆ ವಾಲೆಟ್‌ನಲ್ಲಿ, ಬರ್ಕ್ಲಿ ಡಿಬಿ ಹಾಗೇ ಉಳ್ಕೊಂಡ. ಬ್ಲಾಕ್ ಕಳ್ಕೊಂಡ್ರೆ ಬೇರೆ ನೋಡ್‌ನಿಂದ ಮತ್ತೆ ಇಳಿಸ್ಕೋಬಹುದು. ಕೀ ಕಳ್ಕೊಂಡ್ರೆ ಯಾರನ್ನ ಕೇಳ್ತೀರಿ? ಹಾಗಾಗಿ ಇಲ್ಲಿ ಯಾರಿಗೂ ಅವಸರ ಇರಲಿಲ್ಲ.

ಆದ್ರೆ ಇಟ್ಕೊಳ್ಳೋದೂ ಕಷ್ಟ ಆಗ್ತಾ ಬಂತು. ಬಿಟ್‌ಕಾಯಿನ್ ಅಂಟಿಕೊಂಡಿದ್ದು 4.8 ಆವೃತ್ತಿಗೆ. ಲಿನಕ್ಸ್ ಹಂಚಿಕೆಗಳಲ್ಲಿ ಸಿಗ್ತಿದ್ದದ್ದು 5.3. ಹೊಸದರಲ್ಲಿ ತೆರೆದ ವಾಲೆಟ್ ಹಳೇದಕ್ಕೆ ವಾಪಸ್ ಹೋಗುತ್ತೆ ಅನ್ನೋ ಭರವಸೆ ಇಲ್ಲ. ಮುಂದೆ ಬರ್ಕ್ಲಿ ಡಿಬಿಯ ಒಡೆಯ ಕಂಪನಿ ಒರಾಕಲ್ 6.0ದಿಂದ ಲೈಸೆನ್ಸನ್ನೇ ಬದಲಿಸ್ತು.

ಅದಕ್ಕಿಂತ ದೊಡ್ಡ ತಲೆನೋವು ಹಳೇ ವಾಲೆಟ್‌ನ ಯೋಚನೆಯ ರೀತಿ. ಅದು ಕೀಗಳ ರಾಶಿ. ಹಣ ಬಂದಾಗಲೆಲ್ಲ "ಇದು ನಂದಾ?" ಅಂತ ರಾಶಿ ಕೆದಕಿ ನೋಡೋದು. ನಿನ್ನದು ಅನ್ನಿಸೋದೆಲ್ಲದರ ಪಟ್ಟಿ ಕೊಡಪ್ಪಾ ಅಂದ್ರೆ ಅದಕ್ಕೇ ಗೊತ್ತಿಲ್ಲ. ಹೊಸ ಡಿಸ್ಕ್ರಿಪ್ಟರ್ ವಾಲೆಟ್ ಹಾಗಲ್ಲ, ಯಾವ ವಿಳಾಸಗಳು ತನ್ನವು ಅಂತ ಮೊದಲೇ ಬರೆದಿಟ್ಟಿರುತ್ತೆ, ಪಹಣಿ ಥರ. 2021ರಲ್ಲಿ 0.21ರ ಜೊತೆ ಇದು ಬಂತು, ಫೈಲ್ ಎಸ್‌ಕ್ಯೂಲೈಟ್ ಅನ್ನೋ ಬೇರೆ ಡೇಟಾಬೇಸ್‌ನಲ್ಲಿ. 2022ರಲ್ಲಿ, 23ನೇ ಆವೃತ್ತಿಗೆ, ಹೊಸ ವಾಲೆಟ್ ಎಲ್ಲ ಇದೇ ಆಯ್ತು. 24ರಲ್ಲಿ ಹಳೇದನ್ನ ಹೊಸದಕ್ಕೆ ಸಾಗಿಸೋ "ಮೈಗ್ರೇಟ್ ವಾಲೆಟ್" ಆದೇಶ ಬಂತು.

ಈಗ ನನಗೆ ಅತಿ ಇಷ್ಟದ ಭಾಗ. ಲೈಬ್ರರಿಯನ್ನೇ ಕಿತ್ತು ಹಾಕಿದ್ರೆ ಹಳೇ ಫೈಲನ್ನ ಓದೋರು ಯಾರು? 28ನೇ ಆವೃತ್ತಿಯಲ್ಲಿ ಬಿಟ್‌ಕಾಯಿನ್ ಕೋರ್ ತಂಡದವರೇ ಒಂದು ಪುಟ್ಟ ರೀಡರ್ ಬರೆದ್ರು. ಓದೋದು ಮಾತ್ರ, ಬರೆಯೋದಿಲ್ಲ. ಡೇಟಾಬೇಸ್ ದೈತ್ಯ ಆಗೋದು ಬರೆಯೋಕೆ ಹೋದಾಗ: ಲಾಕ್, ಲಾಗ್, ಕರೆಂಟ್ ಹೋದ್ರೆ ಚೇತರಿಸ್ಕೊಳ್ಳೋ ವ್ಯವಸ್ಥೆ. ಬರೀ ಓದೋಕೆ ಅದ್ಯಾವುದೂ ಬೇಡ. ಆ ರೀಡರ್ ಸಿಕ್ಕಿದ ಮೇಲೇ 30ರಲ್ಲಿ ಬರ್ಕ್ಲಿ ಡಿಬಿಯನ್ನ ಪೂರ್ತಿ ತೆಗೆದಿದ್ದು.

(ತೆರೆ: ಮತ್ತೆ ಅದೇ ಪೆನ್‌ಡ್ರೈವ್)

ಇಷ್ಟು ಹುಷಾರಾಗಿ ಮಾಡಿದ್ರೂ ಕಾಲು ಜಾರ್ತು. 30.0 ಮತ್ತು 30.1ರಲ್ಲಿ ಒಂದು ಬಗ್. ಅಪರೂಪದ ಸಂದರ್ಭದಲ್ಲಿ ಮೈಗ್ರೇಶನ್ ವಿಫಲವಾದ್ರೆ ವಾಲೆಟ್ ಫೋಲ್ಡರ್‌ನಲ್ಲಿದ್ದ ಫೈಲ್‌ಗಳೆಲ್ಲ ಅಳಿಸಿಹೋಗೋ ಅಪಾಯ. 2026ರ ಜನವರಿಯಲ್ಲಿ ತಂಡವೇ ಎಚ್ಚರಿಕೆ ಕೊಟ್ಟು 30.2ರಲ್ಲಿ ಸರಿಮಾಡ್ತು.

ಹಾಗಾಗಿ ಫೈಲ್ ಇದ್ದೋರು ಮೊದಲು ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ, ಆ ಡ್ರೈವನ್ನ ಕಂಪ್ಯೂಟರ್‌ನಿಂದ ಕಿತ್ತಿಡಿ. ಆಮೇಲೆ 30.2 ಅಥವಾ ಅದಕ್ಕಿಂತ ಹೊಸದರಲ್ಲಿ ಮೈಗ್ರೇಟ್ ಮಾಡಿ. ಪಾಸ್‌ಫ್ರೇಸ್ ಹಾಕಿದ್ರೆ ಅದು ಬೇಕೇ ಬೇಕು. ಒಂದು ವಾಲೆಟ್ ಇದ್ದಿದ್ದು ಎರಡೋ ಮೂರೋ ಆದ್ರೆ ಗಾಬರಿ ಬೇಡ, ಬರೀ ನೋಡೋಕೆ ಸೇರಿಸಿದ್ದ ವಿಳಾಸಗಳನ್ನೆಲ್ಲ ಅದು ಬೇರೆ ವಾಲೆಟ್‌ಗೆ ಹಾಕುತ್ತೆ.

"ಡೇಟಾಬೇಸ್ ಪೂರ್ತಿ ಫ್ಲಷ್ ಆಗಿಲ್ಲ" ಅಂತ ಎರರ್ ಬಂದ್ರೆ, ಆ ಫೈಲನ್ನ ಕೊನೇ ಸಲ ಸರಿಯಾಗಿ ಮುಚ್ಚಿಲ್ಲ ಅಂತ ಅರ್ಥ, ಒಂದಿಷ್ಟು ಮಾಹಿತಿ ಪಕ್ಕದ ಲಾಗ್ ಫೈಲ್‌ಗಳಲ್ಲೇ ಉಳಿದಿರಬಹುದು. ನಮ್ಮ ಪುಟ್ಟ ರೀಡರ್‌ಗೆ ಅದು ಓದೋಕೆ ಬರಲ್ಲ. ಆಗ ಬರ್ಕ್ಲಿ ಡಿಬಿ ಇನ್ನೂ ಇರೋ ಹಳೇ ಆವೃತ್ತಿ ಹಾಕಿ, ವಾಲೆಟ್ ತೆರೆದು, ಸರಿಯಾಗಿ ಮುಚ್ಚಿ ಬನ್ನಿ.